ಪಡಸಾಲೆಯ ಭಾವಚಿತ್ರಕ್ಕೆ ಎಷ್ಟು ಆಯುಷ್ಯ? ಫೋಟೊ ಮುದ್ರಣದ ಗುಣಮಟ್ಟದ ಸುತ್ತ

ಬೆಳಗಾವಿ: ಮನೆಯ ಹಿರಿಯರು ತೀರಿಕೊಂಡ ಎರಡು–ಮೂರು ದಿನಗಳಲ್ಲಿ ಕುಟುಂಬದವರೊಬ್ಬರು ಫೋಟೊ ಸ್ಟುಡಿಯೊದ ಮೆಟ್ಟಿಲು ಹತ್ತುತ್ತಾರೆ. ಉತ್ತರಕ್ರಿಯೆಯ ದಿನದೊಳಗೆ ದೊಡ್ಡ ಭಾವಚಿತ್ರ ಸಿದ್ಧವಾಗಬೇಕು, ಕಟ್ಟು ಹಾಕಿಸಬೇಕು, ಹಾರ ಹಾಕಬೇಕು. ಆದರೆ ಕೈಯಲ್ಲಿರುವುದು ಒಂದು ಮೊಬೈಲ್ ಮಾತ್ರ. ಅದರಲ್ಲಿರುವುದು ಯಾವುದೋ ಮದುವೆಯಲ್ಲಿ ಹತ್ತು ಜನರೊಡನೆ ನಿಂತಾಗ ತೆಗೆದ, ವಾಟ್ಸ್‌ಆ್ಯಪ್ ಮೂಲಕ ಬಂದ ಒಂದು ಚಿತ್ರ. ಪರದೆಯ ಮೇಲೆ ಸ್ಪಷ್ಟವಾಗಿ ಕಾಣುವ ಆ ಮುಖ 12×15 ಇಂಚಿನ ಕಾಗದದ ಮೇಲೆ ಮಸುಕಾಗುತ್ತದೆ. ಮತ್ತೊಂದು ಚಿತ್ರ ತೆಗೆಯಿಸುವ ಅವಕಾಶ ಅಲ್ಲಿಗೆ ಮುಗಿದಿರುತ್ತದೆ.

ಕೋವಿಡ್ ಕಾಲದಲ್ಲಿ, ಅಂದರೆ 2020 ಮತ್ತು 2021ರಲ್ಲಿ, ಈ ಕೊರತೆ ಹಲವು ಮನೆಗಳಿಗೆ ಒಮ್ಮೆಲೇ ಅರಿವಾಯಿತು. ಮೊಬೈಲ್‌ನಲ್ಲಿ ಸಾವಿರಾರು ಚಿತ್ರಗಳಿದ್ದರೂ ಗೋಡೆಗೆ ಹಾಕಬಹುದಾದ ಒಂದೇ ಒಂದು ಭಾವಚಿತ್ರವಿಲ್ಲದ ಮನೆಗಳು ಇಂದು ವಿರಳವಲ್ಲ. ಅದೇ ಮನೆಯ ಪಡಸಾಲೆಯಲ್ಲಿ ಅಜ್ಜ–ಅಜ್ಜಿಯರ ಕಪ್ಪು–ಬಿಳುಪು ಭಾವಚಿತ್ರ ಅರ್ಧ ಶತಮಾನ ಕಳೆದರೂ ಕಣ್ಣಿನ ಹೊಳಪನ್ನು ಉಳಿಸಿಕೊಂಡಿರುತ್ತದೆ. ಅದರ ಪಕ್ಕದಲ್ಲಿ ಹತ್ತು ವರ್ಷಗಳ ಹಿಂದೆ ಮುದ್ರಿಸಿದ ಬಣ್ಣದ ಚಿತ್ರ ಪೇಲವವಾಗಿ ನೇತಾಡುತ್ತಿರುತ್ತದೆ. ಈ ವ್ಯತ್ಯಾಸಕ್ಕೆ ಛಾಯಾಗ್ರಾಹಕನ ಕೌಶಲವೊಂದೇ ಕಾರಣವಲ್ಲ. ಚಿತ್ರ ಯಾವ ಕಾಗದದ ಮೇಲೆ, ಯಾವ ವಿಧಾನದಲ್ಲಿ, ಯಾವ ಶಿಸ್ತಿನಲ್ಲಿ ಮುದ್ರಣಗೊಂಡಿತು ಎಂಬುದು ಅದರ ಆಯುಷ್ಯವನ್ನು ನಿರ್ಧರಿಸುತ್ತದೆ. ಬಹುತೇಕ ಗ್ರಾಹಕರು ಕ್ಯಾಮೆರಾ ಯಾವುದೆಂದು ಕೇಳುತ್ತಾರೆ. ಕಾಗದ ಯಾವುದೆಂದು ಕೇಳುವವರು ಕಡಿಮೆ.

ಪರದೆಯ ಲೆಕ್ಕ, ಕಾಗದದ ಲೆಕ್ಕ

ಕೈಯಲ್ಲಿ ಹಿಡಿದು ನೋಡುವ ಉತ್ತಮ ಮುದ್ರಣಕ್ಕೆ ಪ್ರತಿ ಇಂಚಿಗೆ 300 ಪಿಕ್ಸೆಲ್‌ಗಳು ಬೇಕೆಂಬುದು ಮುದ್ರಣ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಮಾನದಂಡ. ಗೋಡೆಯ ಮೇಲಿಟ್ಟು ನಾಲ್ಕಾರು ಅಡಿ ದೂರದಿಂದ ನೋಡುವ ಚಿತ್ರಕ್ಕೆ 200 ಸಾಕಾಗುತ್ತದೆ. ಈ ಲೆಕ್ಕದಲ್ಲಿ 8×10 ಇಂಚಿನ ಚಿತ್ರಕ್ಕೆ 2400×3000 ಪಿಕ್ಸೆಲ್, 12×18 ಇಂಚಿನದಕ್ಕೆ 3600×5400 ಪಿಕ್ಸೆಲ್, ಅಂದರೆ ಸುಮಾರು 1.94 ಕೋಟಿ ಬಿಂದುಗಳು ಬೇಕು.

ಇಂದಿನ ಸಾಧಾರಣ ಮೊಬೈಲ್ ಫೋನ್ ತೆಗೆಯುವ 12 ಮೆಗಾಪಿಕ್ಸೆಲ್ ಚಿತ್ರದ ಅಳತೆ 3000×4000. ಅದರಿಂದ 12×15 ಇಂಚಿನ ಭಾವಚಿತ್ರವನ್ನು ಇಂಚಿಗೆ 250 ಪಿಕ್ಸೆಲ್‌ನಂತೆ ನಿಶ್ಚಿಂತೆಯಿಂದ ಮುದ್ರಿಸಬಹುದು. ಹೀಗಾಗಿ ತೊಂದರೆ ಇರುವುದು ಬಹುಮಟ್ಟಿಗೆ ಫೋನಿನಲ್ಲಲ್ಲ, ಚಿತ್ರವನ್ನು ಕಳುಹಿಸುವ ಕ್ರಮದಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರದ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. 1200×1600 ಪಿಕ್ಸೆಲ್‌ನ ಆ ಚಿತ್ರವನ್ನು 16×20 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ ಉಳಿಯುವುದು ಕೇವಲ 75ರಿಂದ 80 ಪಿಕ್ಸೆಲ್. ಹತ್ತು ಜನರ ಗುಂಪಿನಿಂದ ಒಂದು ಮುಖವನ್ನು ಕತ್ತರಿಸಿ ತೆಗೆದರೆ ಆ ಮುಖದ ಅಗಲ 200 ಪಿಕ್ಸೆಲ್ ಕೂಡ ಇರಲಾರದು. ಅದನ್ನು ಆರು ಇಂಚು ಅಗಲಕ್ಕೆ ಎಳೆದಾಗ ಇಂಚಿಗೆ 33 ಪಿಕ್ಸೆಲ್ ಸಿಗುತ್ತದೆ. ಯಾವ ಯಂತ್ರಕ್ಕೂ ಇದರಿಂದ ಹುಬ್ಬಿನ ಒಂದು ಕೂದಲನ್ನು ಮರಳಿ ತರುವುದು ಸಾಧ್ಯವಿಲ್ಲ.

2023ರಿಂದ ವಾಟ್ಸ್‌ಆ್ಯಪ್‌ನಲ್ಲಿ ಎಚ್‌ಡಿ ಆಯ್ಕೆ ಇದೆ. ಅದಕ್ಕಿಂತಲೂ ಚಿತ್ರವನ್ನು 'ಡಾಕ್ಯುಮೆಂಟ್' ರೂಪದಲ್ಲಿ ಕಳುಹಿಸುವುದು, ಇಮೇಲ್ ಮಾಡುವುದು ಅಥವಾ ಪೆನ್‌ಡ್ರೈವ್‌ನಲ್ಲಿ ಒಯ್ಯುವುದು ಲೇಸು. ಮೂಲ ಕಡತ ಕುಗ್ಗುವುದಿಲ್ಲ. ಪರದೆಯ ಚಿತ್ರ ತೆಗೆದು, ಅಂದರೆ ಸ್ಕ್ರೀನ್‌ಶಾಟ್ ಕಳುಹಿಸಿ, ದೊಡ್ಡ ಮುದ್ರಣ ಕೇಳುವುದು ಎಲ್ಲಕ್ಕಿಂತ ಕೆಟ್ಟ ದಾರಿ.

ಈಚೆಗೆ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಮಸುಕು ಮುಖವನ್ನು ಕ್ಷಣದಲ್ಲಿ ಚೊಕ್ಕಗೊಳಿಸುತ್ತವೆ. ಸ್ಟುಡಿಯೊಗಳಿಗೆ ಇವು ವರದಾನದಂತೆ ಕಂಡರೂ ಇಲ್ಲೊಂದು ಸೂಕ್ಷ್ಮವಿದೆ. ಇಂಥ ತಂತ್ರಾಂಶ ಇಲ್ಲದ ವಿವರವನ್ನು ಹುಡುಕಿ ತರುವುದಿಲ್ಲ, ಲಕ್ಷಾಂತರ ಬೇರೆ ಮುಖಗಳಿಂದ ಕಲಿತದ್ದನ್ನು ಆಧರಿಸಿ ಊಹಿಸಿ ತುಂಬುತ್ತದೆ. ಹಲ್ಲಿನ ಸಾಲು, ಕಣ್ಣಿನ ರೆಪ್ಪೆ, ಗಲ್ಲದ ಸುಕ್ಕು ಎಲ್ಲವೂ ಅಂದವಾಗಿ ಬರುತ್ತವೆ. ಆದರೆ ಮನೆಯವರು ನೋಡಿದೊಡನೆ 'ಇದು ನಮ್ಮ ಅಪ್ಪನ ಮುಖವಲ್ಲ' ಎನ್ನುವಂತಾಗಲು ಅಷ್ಟೇ ಸಾಕು. ಅಪರಿಚಿತರಿಗೆ ಗೊತ್ತಾಗದ ಈ ದೋಷ ಮನೆಯವರ ಕಣ್ಣಿಗೆ ಮಾತ್ರ ತಪ್ಪದೆ ಬೀಳುತ್ತದೆ.

ಬ್ರೋಮೈಡ್ ಕಾಗದದಿಂದ ಇಂಕ್ ಟ್ಯಾಂಕ್‌ವರೆಗೆ

ಹಳೆಯ ಕಪ್ಪು–ಬಿಳುಪು ಚಿತ್ರಗಳು ಬಾಳಿದ್ದಕ್ಕೆ ಕಾರಣ ಬೆಳ್ಳಿ. ಬ್ರೋಮೈಡ್ ಕಾಗದದ ಮೇಲಿನ ಜೆಲಟಿನ್ ಪದರದಲ್ಲಿ ಚಿತ್ರ ರೂಪುಗೊಳ್ಳುವುದು ಲೋಹದ ಬೆಳ್ಳಿಯ ಸೂಕ್ಷ್ಮ ಕಣಗಳಿಂದ. 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾದ, ಈಗ ಮುಚ್ಚಿಹೋಗಿರುವ ಸರ್ಕಾರಿ ಸ್ವಾಮ್ಯದ ಹಿಂದುಸ್ಥಾನ್ ಫೋಟೊ ಫಿಲ್ಮ್ಸ್ ಕಂಪನಿಯ 'ಇಂದು' ಹೆಸರು ಹಳೆಯ ಸ್ಟುಡಿಯೊಗಳಿಗೆ ಚಿರಪರಿಚಿತ. ಡಾರ್ಕ್‌ರೂಮಿನಲ್ಲಿ ಹೈಪೊ ದ್ರಾವಣದಿಂದ ತೆಗೆದ ಮೇಲೆ ಕಾಗದವನ್ನು ಸಾಕಷ್ಟು ಹೊತ್ತು ಹರಿಯುವ ನೀರಿನಲ್ಲಿ ತೊಳೆದವರ ಚಿತ್ರಗಳು ಇಂದಿಗೂ ಚೆನ್ನಾಗಿವೆ. ಅವಸರದಲ್ಲಿ ತೊಳೆದವುಗಳಲ್ಲಿ ಹೈಪೊ ಉಳಿದು ಹಳದಿ ಕಲೆಗಳೆದ್ದಿವೆ. ಗುಣಮಟ್ಟವೆಂಬುದು ಆಗಲೂ ಹತ್ತಿಪ್ಪತ್ತು ನಿಮಿಷದ ತಾಳ್ಮೆಯ ಪ್ರಶ್ನೆಯೇ ಆಗಿತ್ತು.

ಬಣ್ಣದ ಚಿತ್ರದಲ್ಲಿ ಕೊನೆಗೆ ಉಳಿಯುವುದು ಬೆಳ್ಳಿಯಲ್ಲ, ವರ್ಣದ್ರವ್ಯ. ಸಯಾನ್, ಮಜೆಂಟಾ, ಹಳದಿ ಎಂಬ ಮೂರು ಬಣ್ಣಗಳ ಪದರಗಳಲ್ಲಿ ಯಾವುದೊಂದು ಮೊದಲು ಮಾಸಿದರೂ ಚಿತ್ರದ ಸಮತೋಲನ ತಪ್ಪುತ್ತದೆ. 1970–80ರ ದಶಕದ ಅನೇಕ ಮದುವೆ ಆಲ್ಬಂಗಳು ಪೆಟ್ಟಿಗೆಯೊಳಗೇ ಇದ್ದರೂ ಕೆಂಪಡರಿರುವುದು ಇದೇ ಕಾರಣಕ್ಕೆ. ಆ ಕಾಲದ ಕಾಗದಗಳಲ್ಲಿ ಸಯಾನ್ ಕತ್ತಲಲ್ಲಿಯೂ ಮಾಸುತ್ತಿತ್ತು. ನಂತರ ಬಂದ ಕಾಗದಗಳು ಬಹಳಷ್ಟು ಸುಧಾರಿಸಿವೆ. ಇಂದಿನ ಕಲರ್ ಲ್ಯಾಬ್‌ಗಳಲ್ಲಿ ಫ್ಯೂಜಿ, ನೊರಿತ್ಸು ಮೊದಲಾದ ಯಂತ್ರಗಳು ಡಿಜಿಟಲ್ ಕಡತವನ್ನು ಲೇಸರ್ ಬೆಳಕಿನಿಂದ ಇಂಥ ಬೆಳ್ಳಿ ಲವಣದ ಕಾಗದದ ಮೇಲೆ ಮೂಡಿಸಿ, ರಾಸಾಯನಿಕ ದ್ರಾವಣಗಳಲ್ಲಿ ಸಂಸ್ಕರಿಸುತ್ತವೆ. ಗ್ರಾಹಕರ ಭಾಷೆಯಲ್ಲಿ ಇದು 'ಲ್ಯಾಬ್ ಪ್ರಿಂಟ್'.

ಇನ್ನೊಂದು ದಾರಿ ಇಂಕ್‌ಜೆಟ್. ಇದರಲ್ಲಿಯೂ ಎರಡು ಬಗೆಗಳಿವೆ. ಸಣ್ಣ ಸ್ಟುಡಿಯೊಗಳಲ್ಲಿ ಸಾಮಾನ್ಯವಾಗಿ ಕಾಣುವ ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರುಗಳು ಬಳಸುವುದು ಡೈ, ಅಂದರೆ ದ್ರವದಲ್ಲಿ ಕರಗಿದ ಬಣ್ಣ. ಪಾಸ್‌ಪೋರ್ಟ್ ಅಳತೆಯ ಮತ್ತು 4×6 ಇಂಚಿನ ಚಿತ್ರಗಳಿಗೆ ಇದು ಸೊಗಸಾಗಿ ಹೊಂದುತ್ತದೆ. ಕಲಾಕೃತಿಗಳ ಪ್ರತಿ ಮತ್ತು ದೊಡ್ಡ ಭಾವಚಿತ್ರಗಳಿಗೆ ಬಳಸುವ ದುಬಾರಿ ಪ್ರಿಂಟರುಗಳಲ್ಲಿ ಪಿಗ್ಮೆಂಟ್, ಅಂದರೆ ಕರಗದ ಬಣ್ಣದ ಕಣಗಳಿರುತ್ತವೆ. ಬೆಳಕು ಮತ್ತು ಗಾಳಿಯಲ್ಲಿನ ಓಝೋನ್ ಡೈ ಬಣ್ಣವನ್ನು ಬೇಗ ತಿನ್ನುತ್ತವೆ, ಪಿಗ್ಮೆಂಟ್ ಹೆಚ್ಚು ತಾಳುತ್ತದೆ. ಕಂಪನಿಯ ಇಂಕ್ ಬದಲಿಗೆ ಅಗ್ಗದ ಬೇರೆ ಇಂಕ್ ತುಂಬಿದ ಪ್ರಿಂಟರಿನಿಂದ ಬಂದ ಚಿತ್ರ ಅಂಗಡಿಯಲ್ಲಿ ನೋಡುವಾಗ ಎರಡೂ ಒಂದೇ ಎನಿಸಬಹುದು. ವ್ಯತ್ಯಾಸ ಹೊರಬೀಳುವುದು ಗೋಡೆಗೆ ಹಾಕಿದ ಮೇಲೆ, ಆಗ ಕೇಳುವುದಕ್ಕೆ ರಸೀದಿಯೂ ಇರುವುದಿಲ್ಲ. ಸಮಾರಂಭಗಳಲ್ಲಿ ನಿಂತಲ್ಲೇ ಚಿತ್ರ ಕೊಡುವ ಡೈ–ಸಬ್ಲಿಮೇಷನ್ ಪ್ರಿಂಟರುಗಳು ಮೂರನೆಯ ಬಗೆ. ಇವು ಮೇಲೊಂದು ರಕ್ಷಣಾ ಪದರವನ್ನೂ ಹಚ್ಚುವುದರಿಂದ ಬೆರಳಚ್ಚು, ನೀರಿನ ಹನಿಗೆ ಅಷ್ಟಾಗಿ ಅಂಜುವುದಿಲ್ಲ.

'ನೂರು ವರ್ಷ ಬಾಳುತ್ತದೆ' ಎಂಬ ಜಾಹೀರಾತನ್ನು ಎಚ್ಚರಿಕೆಯಿಂದ ಓದಬೇಕು. ನೂರು ವರ್ಷ ಕಾದು ನೋಡಿ ಬರೆದ ಮಾತಲ್ಲ ಅದು. ಪ್ರಖರ ಬೆಳಕಿನಲ್ಲಿ ಕೆಲವು ತಿಂಗಳು ಇಟ್ಟು, ಬಂದ ಫಲಿತಾಂಶವನ್ನು ಮನೆಯ ಬೆಳಕಿಗೆ ಲೆಕ್ಕ ಹಾಕಿ ಹೇಳುವಂಥದ್ದು. ಈ ಕ್ಷೇತ್ರದ ಪ್ರಮುಖ ಸಂಶೋಧಕ, ಅಮೆರಿಕದ ಹೆನ್ರಿ ವಿಲ್ಹೆಲ್ಮ್ ಅವರ ಸಂಸ್ಥೆ ದಿನಕ್ಕೆ 12 ಗಂಟೆ 450 ಲಕ್ಸ್ ಬೆಳಕನ್ನು ಆಧಾರವಾಗಿ ಹಿಡಿದರೆ, ಕೊಡ್ಯಾಕ್ ಕಂಪನಿ 120 ಲಕ್ಸ್ ಎಂದು ಲೆಕ್ಕ ಹಾಕಿತ್ತು. ಒಂದೇ ಕಾಗದಕ್ಕೆ ಒಂದು ಲೆಕ್ಕದಲ್ಲಿ ಸಿಗುವ ಆಯುಷ್ಯ ಇನ್ನೊಂದರಲ್ಲಿ ಮೂರು–ನಾಲ್ಕು ಪಟ್ಟಾಗುವುದು ಹೀಗೆ. ಕಿಟಕಿಯ ಎದುರಿನ ಗೋಡೆ ಈ ಎರಡೂ ಲೆಕ್ಕಗಳನ್ನು ಮೀರಿದ್ದು.

ಯಂತ್ರ ಒಂದೇ ಆದರೂ ಲ್ಯಾಬ್‌ನಿಂದ ಲ್ಯಾಬ್‌ಗೆ ಫಲಿತಾಂಶ ಬೇರೆಯಾಗುವುದಕ್ಕೆ ಕಾರಣ ರಾಸಾಯನಿಕಗಳ ನಿರ್ವಹಣೆ. ಡೆವಲಪರ್ ದ್ರಾವಣ ಗಾಳಿಗೆ ಒಡ್ಡಿಕೊಂಡು ಸತ್ವ ಕಳೆದುಕೊಳ್ಳುತ್ತದೆ. ಕೆಲಸ ಧಾರಾಳವಾಗಿರುವ ಲ್ಯಾಬ್‌ನಲ್ಲಿ ಹೊಸ ದ್ರಾವಣ ಸೇರುತ್ತಲೇ ಇರುತ್ತದೆ, ಕೆಲಸವಿಲ್ಲದ ದಿನಗಳಲ್ಲಿ ಅದು ನಿಂತ ನೀರಾಗುತ್ತದೆ. ಆದ್ದರಿಂದಲೇ ಒಳ್ಳೆಯ ಲ್ಯಾಬ್‌ಗಳು ಪ್ರತಿದಿನ ಬೆಳಗ್ಗೆ ಕಂಟ್ರೋಲ್ ಸ್ಟ್ರಿಪ್ ಎಂಬ ಪರೀಕ್ಷಾ ಪಟ್ಟಿಯನ್ನು ಓಡಿಸಿ ಬಣ್ಣ ಅಳೆದು ನೋಡುತ್ತವೆ. ಖಾನಾಪುರದಂಥ ತಾಲ್ಲೂಕು ಕೇಂದ್ರದ ಸ್ಟುಡಿಯೊ ದೊಡ್ಡ ಚಿತ್ರವನ್ನು ಸುಮಾರು 25 ಕಿ.ಮೀ. ದೂರದ ಬೆಳಗಾವಿಗೋ ಅದಕ್ಕೂ ದೂರದ ನಗರಕ್ಕೋ ಕಳುಹಿಸಿ ಎರಡು ದಿನ ಕಾಯಿರಿ ಎಂದರೆ ಅದು ಯಾವಾಗಲೂ ಸೋಮಾರಿತನವಲ್ಲ. ಅಂಗಡಿಯ ಸಣ್ಣ ಪ್ರಿಂಟರಿನಲ್ಲಿ ಹತ್ತು ನಿಮಿಷಕ್ಕೆ ಕೊಡಬಹುದಾದದ್ದನ್ನು ಕೊಡದೆ ಕಾಯಿಸುವವನೇ ಹೆಚ್ಚು ಪ್ರಾಮಾಣಿಕನಿರಬಹುದು.

ಅರಿಶಿನ, ಜರಿ ಮತ್ತು ಮೈಬಣ್ಣ

ಭಾವಚಿತ್ರದಲ್ಲಿ ಎಲ್ಲಕ್ಕಿಂತ ಮೊದಲು ಕೆಡುವುದು ಮೈಬಣ್ಣ. ಆಕಾಶ ಸ್ವಲ್ಪ ಹೆಚ್ಚು ನೀಲಿಯಾದರೆ ಯಾರೂ ಗಮನಿಸುವುದಿಲ್ಲ. ತಾಯಿಯ ಮುಖ ತುಸು ಹಸಿರಾದರೆ ಮನೆಮಂದಿಯೆಲ್ಲ ಗಮನಿಸುತ್ತಾರೆ.

ಇದರ ಹಿಂದೆ ಒಂದು ಇತಿಹಾಸವೂ ಇದೆ. ಕೊಡ್ಯಾಕ್ ಕಂಪನಿ ಲ್ಯಾಬ್‌ಗಳಿಗೆ ಬಣ್ಣ ಹೊಂದಿಸಲು ಕೊಡುತ್ತಿದ್ದ ಮಾದರಿ ಚಿತ್ರಗಳಿಗೆ 'ಶರ್ಲಿ ಕಾರ್ಡ್' ಎಂದು ಹೆಸರು. ದಶಕಗಳ ಕಾಲ ಅವುಗಳಲ್ಲಿದ್ದುದು ಬಿಳಿಯ ಮೈಬಣ್ಣದ ಯುವತಿಯರೇ. ಆ ಚರ್ಮಕ್ಕೆ ಹೊಂದಿಸಿದ ಯಂತ್ರದಲ್ಲಿ ಕಂದು ಮತ್ತು ಕಪ್ಪು ಮೈಬಣ್ಣದವರ ಮುಖದ ವಿವರಗಳು ಮುಳುಗುತ್ತಿದ್ದವು. ವಿವಿಧ ಮೈಬಣ್ಣದವರನ್ನು ಒಳಗೊಂಡ ಕಾರ್ಡುಗಳು ಬಂದದ್ದು 1990ರ ದಶಕದಲ್ಲಿ. ಕಾರ್ಡು ಹೋದರೂ ಮನೋಭಾವ ಪೂರ್ತಿ ಹೋಗಿಲ್ಲ. ಇಂದು ನಮ್ಮ ಊರುಗಳಲ್ಲಿಯೂ ಯಂತ್ರದ 'ಆಟೊ ಕರೆಕ್ಷನ್' ಒತ್ತಿ ಮುಖವನ್ನು ಬೆಳ್ಳಗೆ ಮಾಡುವುದನ್ನೇ ಸುಧಾರಣೆ ಎಂದು ಭಾವಿಸುವವರಿದ್ದಾರೆ. ಹಾಗೆ ಕೇಳಿ ಮಾಡಿಸಿಕೊಳ್ಳುವ ಗ್ರಾಹಕರೂ ಇದ್ದಾರೆ. ಬೆಳ್ಳಗಾದ ಮುಖದಲ್ಲಿ ಮೂಗಿನ ಏರಿಳಿತ, ಗಲ್ಲದ ನೆರಳು, ಹಣೆಯ ವಿಭೂತಿಯ ಅಂಚು ಎಲ್ಲ ಅಳಿಸಿಹೋಗಿ ಮುಖ ಕಾಗದದಷ್ಟೇ ಚಪ್ಪಟೆಯಾಗುತ್ತದೆ. ವಿಭೂತಿ ಹಚ್ಚಿದ ಕಂದು ಹಣೆಯ ಚಿತ್ರ ಯಾವ ಲ್ಯಾಬ್‌ಗಾದರೂ ಒಳ್ಳೆಯ ಪರೀಕ್ಷೆ: ಬಿಳಿ ಬಿಳಿಯಾಗಿಯೂ ಚರ್ಮ ಚರ್ಮವಾಗಿಯೂ ಉಳಿಯಬೇಕು.

ಬೆಳಗಾವಿಯ ಮದುವೆಗಳು ಮುದ್ರಕರಿಗೆ ಒಡ್ಡುವ ಸವಾಲುಗಳು ಇನ್ನೂ ಇವೆ. ಅರಿಶಿನ ಶಾಸ್ತ್ರದ ಚಿತ್ರದಲ್ಲಿ ಹಳದಿ ಎಲ್ಲೆಡೆ ಹರಡಿರುತ್ತದೆ. ಯಂತ್ರ ಅದನ್ನು ದೋಷವೆಂದು ತಿಳಿದು ನೀಲಿ ಬೆರೆಸಿ 'ಸರಿಪಡಿಸುತ್ತದೆ'. ಫಲಿತಾಂಶವಾಗಿ ಅರಿಶಿನ ಹಚ್ಚಿಕೊಂಡ ವಧು ಜ್ವರ ಬಂದವಳಂತೆ ಕಾಣುತ್ತಾಳೆ. ಇಳಕಲ್ ಸೀರೆಯ ಕಡುಗೆಂಪು ಸೆರಗು, ಪೈಠಣಿಯ ನೇರಳೆ, ನಗರದ ಶಹಾಪುರದಲ್ಲಿ ನೇಯುವ ಸೀರೆಗಳ ಗಾಢ ಬಣ್ಣಗಳು ಕ್ಯಾಮೆರಾಕ್ಕೆ ಕಾಣುವಷ್ಟು ತೀವ್ರವಾಗಿ ಕಾಗದಕ್ಕೆ ಇಳಿಯುವುದಿಲ್ಲ. ಪ್ರತಿಯೊಂದು ಕಾಗದ ಮತ್ತು ಇಂಕಿನ ಜೋಡಿಗೆ ತಾನು ತೋರಿಸಬಲ್ಲ ಬಣ್ಣಗಳ ಒಂದು ಮಿತಿಯಿರುತ್ತದೆ. ಮಿತಿಯಾಚೆಯ ಕೆಂಪನ್ನು ನಿರ್ಲಕ್ಷ್ಯದಿಂದ ಮುದ್ರಿಸಿದಾಗ ನೇಯ್ಗೆಯ ಗೆರೆ, ಮಡಿಕೆಯ ನೆರಳು ಮಾಯವಾಗಿ ಸೆರಗು ಬಣ್ಣ ಬಳಿದ ರಟ್ಟಿನಂತಾಗುತ್ತದೆ. ಅನುಭವಿ ಮುದ್ರಕ ಆ ಕಾಗದದ ಐಸಿಸಿ ಪ್ರೊಫೈಲ್ ಹಾಕಿ ಪರದೆಯ ಮೇಲೆಯೇ ಇದನ್ನು ಮೊದಲು ನೋಡುತ್ತಾನೆ, ಕೆಂಪನ್ನು ತುಸು ತಗ್ಗಿಸಿ ನೇಯ್ಗೆಯನ್ನು ಉಳಿಸುತ್ತಾನೆ. ಜರಿಯ ಹೊಳಪಿಗೆ ಮೆಟಾಲಿಕ್ ಕಾಗದ ಒಪ್ಪುತ್ತದೆ. ಆದರೆ ಅದೇ ಕಾಗದದ ಮೇಲೆ ವಯಸ್ಸಾದವರ ಮುಖ ಎಣ್ಣೆ ಸವರಿದಂತೆ ಕಾಣುವುದುಂಟು. ವೃದ್ಧರ ಭಾವಚಿತ್ರಕ್ಕೆ ಮ್ಯಾಟ್ ಅಥವಾ ಲಸ್ಟರ್ ಮೇಲ್ಮೈಯೇ ಮೇಲು.

ಕಪ್ಪು ಬಣ್ಣಕ್ಕೂ ಇದೇ ಮಾತು ಅನ್ವಯ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವಿರುವ ನಗರದಲ್ಲಿ ಘಟಿಕೋತ್ಸವದ ಗೌನ್ ಧರಿಸಿ ಭಾವಚಿತ್ರ ತೆಗೆಯಿಸಿಕೊಳ್ಳುವುದು ವಾಡಿಕೆ. ಕೆಟ್ಟ ಮುದ್ರಣದಲ್ಲಿ ಕಪ್ಪು ಗೌನು, ಕಪ್ಪು ಕೂದಲು, ಹಿನ್ನೆಲೆಯ ನೆರಳು ಒಂದೇ ಮುದ್ದೆಯಾಗುತ್ತವೆ. ಮರಾಠಾ ಲೈಟ್ ಇನ್‌ಫೆಂಟ್ರಿ ರೆಜಿಮೆಂಟಲ್ ಸೆಂಟರ್ ಇರುವುದೂ ಈ ನಗರದಲ್ಲೇ. ತರಬೇತಿ ಮುಗಿಸಿದ ಯುವಕನ ಸಮವಸ್ತ್ರದ ಭಾವಚಿತ್ರ ಊರ ಮನೆಯ ಗೋಡೆಯಲ್ಲಿ ಪಡೆಯುವ ಸ್ಥಾನವೇ ಬೇರೆ. ಸಮವಸ್ತ್ರದ ಹಸಿರು ಮುಖದ ಮೇಲೆ ಹಾಯದಂತೆ ನೋಡಿಕೊಳ್ಳುವುದು ಬಣ್ಣ ತಿದ್ದುವವನ ಕೆಲಸ.

ಪರದೆಯ ಮೇಲೆ ಬೆಳ್ಳಗಿದ್ದ ಚಿತ್ರ ಕಾಗದದಲ್ಲಿ ಕಪ್ಪಾಗಿ ಬಂತೆಂಬುದು ಗ್ರಾಹಕರ ಸಾಮಾನ್ಯ ದೂರು. ಪರದೆ ತನ್ನದೇ ಬೆಳಕಿನಿಂದ ಹೊಳೆಯುತ್ತದೆ, ಕಾಗದ ಕೋಣೆಯ ಬೆಳಕನ್ನು ಮಾತ್ರ ಮರಳಿಸುತ್ತದೆ. ಪೂರ್ತಿ ಪ್ರಕಾಶಕ್ಕೆ ಇಟ್ಟ ಮೊಬೈಲ್ ನೋಡಿ ಒಪ್ಪಿಗೆ ಕೊಟ್ಟರೆ ನಿರಾಸೆ ಖಚಿತ. ವೃತ್ತಿಪರರು ಮಾನಿಟರಿನ ಪ್ರಕಾಶವನ್ನು 80ರಿಂದ 120 ಕ್ಯಾಂಡೆಲಾ ಮಟ್ಟಕ್ಕೆ ತಗ್ಗಿಸಿ, ಉಪಕರಣದಿಂದ ಬಣ್ಣ ಹೊಂದಿಸಿ ಕೆಲಸ ಮಾಡುತ್ತಾರೆ. ಮುದ್ರಿತ ಚಿತ್ರವನ್ನು ನೋಡಲು 5000 ಕೆಲ್ವಿನ್ ಬೆಳಕೆಂಬ ಅಂತರರಾಷ್ಟ್ರೀಯ ಮಾನಕವೂ ಇದೆ. ಅಂಗಡಿಯಲ್ಲಿ ಅಂಥ ದೀಪವಿಲ್ಲದಿದ್ದರೆ ಚಿತ್ರವನ್ನು ಬಾಗಿಲ ಹೊರಗೆ, ನೆರಳಿನಲ್ಲಿ ಹಗಲು ಬೆಳಕಿಗೆ ಹಿಡಿದು ನೋಡುವುದು ಸುಲಭದ ಉಪಾಯ. ಖಡೇಬಜಾರದ ಹಳದಿ ದೀಪದ ಕೆಳಗೆ ಚೆನ್ನಾಗಿದ್ದ ಮುಖ ಮನೆಯ ಬಿಳಿ ಟ್ಯೂಬ್‌ಲೈಟಿನಲ್ಲಿ ಬೇರೆಯಾಗಿ ಕಾಣುವುದು ಇದರಿಂದ ತಪ್ಪುತ್ತದೆ.

ಮಳೆಗಾಲದ ಗೋಡೆ

ಮುದ್ರಣ ಎಷ್ಟೇ ಒಳ್ಳೆಯದಿದ್ದರೂ ಖಾನಾಪುರ ತಾಲ್ಲೂಕಿನಲ್ಲಿ ಅದು ಎದುರಿಸಬೇಕಾದ ಶತ್ರು ಬೇರೆಯೇ ಇದೆ. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿ, ಜಾಂಬೋಟಿ, ಲೋಂಡಾ ಸುತ್ತಲಿನ ಪಶ್ಚಿಮ ಘಟ್ಟದ ಅಂಚಿನ ಊರುಗಳು ಜಿಲ್ಲೆಯಲ್ಲೇ ಅತಿ ಹೆಚ್ಚು ಮಳೆ ಪಡೆಯುವಂಥವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗೋಡೆಗಳು ಒಣಗುವುದೇ ಇಲ್ಲ. ಬೆಳಗಾವಿ ನಗರದ ಮಳೆ ಅಷ್ಟಿಲ್ಲದಿದ್ದರೂ ಜುಲೈ ತಿಂಗಳ ಜಿಟಿಜಿಟಿ ಮಳೆ ವಾರಗಟ್ಟಲೆ ಬಿಡುವುದಿಲ್ಲ.

ಫೋಟೊ ಕಾಗದದ ಮೇಲ್ಪದರ ಜೆಲಟಿನ್. ಅದು ಪ್ರಾಣಿಜನ್ಯ ವಸ್ತು, ನೀರನ್ನು ಹೀರಿ ಉಬ್ಬುತ್ತದೆ. ಗಾಳಿಯ ಆರ್ದ್ರತೆ ಬಹುದಿನ ಶೇ 65ಕ್ಕಿಂತ ಮೇಲಿದ್ದರೆ ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಜಿರಲೆಗೂ ಅದು ಆಹಾರವೇ. ಕಟ್ಟು ಹಾಕುವಾಗ ಚಿತ್ರವನ್ನು ನೇರವಾಗಿ ಗಾಜಿಗೆ ಒತ್ತಿ ಕೂರಿಸುವುದು ಇಲ್ಲಿ ಬಹು ಸಾಮಾನ್ಯವಾದ, ಬಹು ಹಾನಿಕರವಾದ ಪದ್ಧತಿ. ಒಂದೆರಡು ಮಳೆಗಾಲದಲ್ಲಿ ಜೆಲಟಿನ್ ಮೆದುವಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಅಂಟಿದ ಭಾಗ ಒದ್ದೆಯಾದಂತೆ ಹೊಳೆಯುವ ಮಚ್ಚೆಯಾಗಿ ಕಾಣುತ್ತದೆ. ಎಳೆದರೆ ಮುಖ ಗಾಜಿನಲ್ಲೇ ಉಳಿಯುತ್ತದೆ. ಚಿತ್ರದ ಸುತ್ತ ದಪ್ಪ ರಟ್ಟಿನ ಮೌಂಟ್ ಹಾಕಿಸಿದರೆ ಗಾಜಿಗೂ ಚಿತ್ರಕ್ಕೂ ನಡುವೆ ಗಾಳಿಯಾಡುವ ಎಡೆ ಉಳಿಯುತ್ತದೆ. ಮೌಂಟ್ ಅಲಂಕಾರಕ್ಕಾಗಿ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಅದು ಆಮ್ಲರಹಿತ ರಟ್ಟಿನದಾಗಿದ್ದರೆ ಇನ್ನೂ ಒಳ್ಳೆಯದು. ಅಗ್ಗದ ರಟ್ಟು ಮತ್ತು ಹಿಂಬದಿಯ ಹಲಗೆಯಿಂದ ಹೊಮ್ಮುವ ಆಮ್ಲ ಚಿತ್ರದ ಅಂಚನ್ನು ಕಂದಾಗಿಸುತ್ತದೆ.

ಕಟ್ಟಿನ ಹಿಂಬದಿಯ ಕೆಳಗಿನ ಎರಡು ಮೂಲೆಗಳಿಗೆ ಬಿರಡೆಯ ಅಥವಾ ರಬ್ಬರಿನ ಚೂರು ಅಂಟಿಸಿದರೆ ಅದು ಗೋಡೆಯಿಂದ ಅರ್ಧ ಇಂಚು ದೂರ ನಿಲ್ಲುತ್ತದೆ. ಹತ್ತು ರೂಪಾಯಿಯ ಈ ಕೆಲಸ ಸಾವಿರ ರೂಪಾಯಿಯ ಕಾಗದಕ್ಕಿಂತ ಹೆಚ್ಚು ರಕ್ಷಣೆ ಕೊಡುವುದುಂಟು. ಮಳೆ ಬಡಿಯುವ ಪಶ್ಚಿಮದ ಹೊರಗೋಡೆ, ಬಚ್ಚಲಿಗೆ ಹೊಂದಿದ ಗೋಡೆ, ಹೊಸದಾಗಿ ಗಿಲಾಯಿ ಮಾಡಿದ ಗೋಡೆ ಇವು ಭಾವಚಿತ್ರಕ್ಕೆ ತಕ್ಕವಲ್ಲ. ಒಳಗಿನ ಅಡ್ಡಗೋಡೆ ಲೇಸು. ಹಿರಿಯರ ಚಿತ್ರಕ್ಕೆ ದಿನವೂ ಹೂಮಾಲೆ ಹಾಕುವ ಮನೆಗಳಲ್ಲಿ ಹೂವಿನ ನೀರು ಗಾಜಿನ ಅಂಚಿನಿಂದ ಒಳಗೆ ಇಳಿಯುತ್ತದೆ, ಊದುಬತ್ತಿ ಮತ್ತು ದೀಪದ ಮಸಿ ಹಿಂದಿನ ಸಂದಿನಿಂದ ಸೇರುತ್ತದೆ. ಕಟ್ಟಿನ ಹಿಂಬದಿಗೆ ಕಾಗದದ ಟೇಪು ಹಚ್ಚಿ ಮುಚ್ಚಿಸುವುದು ಮತ್ತು ಗಂಧದ ಹಾರ ಬಳಸುವುದು ರೂಢಿಗೂ ಚಿತ್ರಕ್ಕೂ ಹೊಂದುವ ಪರಿಹಾರ.

ಆಲ್ಬಂಗಳ ಕಥೆ ಸ್ವಲ್ಪ ಭಿನ್ನ. ಪಿವಿಸಿ ಪ್ಲಾಸ್ಟಿಕ್ ಚೀಲಗಳಿರುವ ಹಳೆಯ ಆಲ್ಬಂಗಳು ಸೆಕೆಗೆ ಚಿತ್ರಕ್ಕೆ ಅಂಟಿಕೊಳ್ಳುತ್ತವೆ, ಪಾಲಿಪ್ರೊಪಿಲೀನ್ ಚೀಲಗಳಿಂದ ಆ ಭಯವಿಲ್ಲ. ಈಗಿನ ಮದುವೆಗಳಲ್ಲಿ ಎಲ್ಲರೂ ಕೇಳುವ ಕರಿಜ್ಮಾ ಆಲ್ಬಂನ ಹಾಳೆಗಳಿಗೆ ಲ್ಯಾಮಿನೇಷನ್ ಇರುತ್ತದೆ. ಅದರ ಅಂಚು ಸರಿಯಾಗಿ ಮುಚ್ಚದಿದ್ದರೆ ತೇವ ಅಲ್ಲಿಂದಲೇ ಒಳಸೇರಿ ಪದರ ಬಿಡುತ್ತದೆ. ಆಲ್ಬಂ ಪಡೆಯುವಾಗ ಮೂಲೆಗಳನ್ನು ಬೆರಳಿನಿಂದ ಸವರಿ ನೋಡಿದರೆ ಇದು ತಿಳಿಯುತ್ತದೆ.

2019ರ ಆಗಸ್ಟ್ ನೆರೆಯಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಸಾವಿರಾರು ಮನೆಗಳಿಗೆ ನೀರು ನುಗ್ಗಿತು. ಇಂಥ ಸಂದರ್ಭದಲ್ಲಿ ಜನರು ಕಾಗದಪತ್ರ, ಬಂಗಾರದ ನಂತರ ಹುಡುಕುವುದು ಫೋಟೊಗಳನ್ನು. ನೆನೆದ ಲ್ಯಾಬ್ ಪ್ರಿಂಟ್‌ಗಳನ್ನು ಬಹುಮಟ್ಟಿಗೆ ಉಳಿಸಬಹುದು, ಆದರೆ ಎರಡು ದಿನಗಳೊಳಗೆ ಕೈಹಾಕಬೇಕು. ಒಂದಕ್ಕೊಂದು ಅಂಟಿದ ಚಿತ್ರಗಳನ್ನು ಒಣಗಲು ಬಿಡಬಾರದು, ಒಣಗಿದ ಮೇಲೆ ಬಿಡಿಸಲೂಬಾರದು. ಶುದ್ಧ ತಣ್ಣೀರಿನಲ್ಲಿ ಮುಳುಗಿಸಿ, ತಾವಾಗಿ ಸಡಿಲವಾದಾಗ ನಿಧಾನವಾಗಿ ಬೇರ್ಪಡಿಸಿ, ಕೆಸರನ್ನು ಉಜ್ಜದೆ ತೊಳೆದು, ಮುಖ ಮೇಲಾಗಿಟ್ಟು ನೆರಳಿನಲ್ಲಿ ಒಣಗಿಸಬೇಕು. ಬಿಸಿಲು, ಇಸ್ತ್ರಿ ಪೆಟ್ಟಿಗೆ ಎರಡೂ ಬೇಡ. 2011ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಸುನಾಮಿ ಅಪ್ಪಳಿಸಿದಾಗ ಫ್ಯೂಜಿಫಿಲ್ಮ್ ಕಂಪನಿ ಕೆಸರಿನಲ್ಲಿ ಸಿಕ್ಕ ಕುಟುಂಬದ ಚಿತ್ರಗಳನ್ನು ಸ್ವಯಂಸೇವಕರ ನೆರವಿನಿಂದ ಹೀಗೆಯೇ ತೊಳೆದು ಮರಳಿಸುವ ಕಾರ್ಯ ನಡೆಸಿತ್ತು. ಡೈ ಇಂಕ್‌ಜೆಟ್ ಚಿತ್ರಗಳಿಗೆ ಮಾತ್ರ ಈ ಭಾಗ್ಯವಿಲ್ಲ, ಅವುಗಳ ಬಣ್ಣ ನೀರಿನೊಡನೆಯೇ ಹರಿದುಹೋಗುತ್ತದೆ. ನದಿತೀರದ ಮನೆಗೆ ಯಾವ ಬಗೆಯ ಮುದ್ರಣ ಬೇಕೆಂಬುದನ್ನು ತೀರ್ಮಾನಿಸಲು ಇಷ್ಟು ಸಾಕು.

ಹಣ, ಹಕ್ಕು, ರಸೀದಿ

ಭಾವಚಿತ್ರಕ್ಕೆ ತೆರುವ ಹಣದಲ್ಲಿ ಕಾಗದದ ಪಾಲು ಚಿಕ್ಕದು. ಉಳಿದದ್ದು ಬಣ್ಣ ತಿದ್ದುವವನ ಸಮಯ, ಪರೀಕ್ಷಾ ಮುದ್ರಣ, ಕೆಟ್ಟರೆ ಮತ್ತೊಮ್ಮೆ ಮುದ್ರಿಸಿಕೊಡುವ ಭರವಸೆ. ಅಗ್ಗದ ದರದಲ್ಲಿ ಮೊದಲು ಕೈಬಿಡುವುದು ಇವನ್ನೇ. ದೊಡ್ಡ ಚಿತ್ರಕ್ಕೆ ಒಪ್ಪಿಗೆ ಕೊಡುವ ಮುನ್ನ ಅದರ ಮುಖಭಾಗವನ್ನು ಮಾತ್ರ 4×6 ಇಂಚಿನ ಕಾಗದದಲ್ಲಿ, ಅಂತಿಮ ಅಳತೆಯಲ್ಲಿಯೇ ಮುದ್ರಿಸಿ ತೋರಿಸುವಂತೆ ಕೇಳಬಹುದು. ನಾಲ್ಕಾರು ರೂಪಾಯಿಯ ಆ ತುಂಡಿನಲ್ಲಿ ಸ್ಪಷ್ಟತೆ, ಮೈಬಣ್ಣ ಎರಡೂ ಗೊತ್ತಾಗುತ್ತವೆ.

ಕಾಗದದ ಹೆಸರು, ಮುದ್ರಣದ ವಿಧಾನ, ಅಳತೆ ಇವು ರಸೀದಿಯಲ್ಲಿ ಬರೆದಿರಬೇಕು. ಕೃತಿಸ್ವಾಮ್ಯ ಕಾಯ್ದೆ 1957ರ 17ನೇ ಕಲಮಿನ (ಬಿ) ಉಪಬಂಧದ ಪ್ರಕಾರ, ಹಣ ಕೊಟ್ಟು ಒಬ್ಬರ ಕೋರಿಕೆಯ ಮೇರೆಗೆ ತೆಗೆಯಿಸಿದ ಛಾಯಾಚಿತ್ರದ ಮೊದಲ ಕೃತಿಸ್ವಾಮ್ಯ ಹಾಗೆ ತೆಗೆಯಿಸಿದವರದು, ಬೇರೆ ಒಪ್ಪಂದವಿಲ್ಲದಿದ್ದರೆ. ಹಾಗೆಂದು ಸ್ಟುಡಿಯೊ ಮೂಲ ಕಡತವನ್ನು ಎಷ್ಟು ಕಾಲ ಕಾಯ್ದಿಡಬೇಕು, ಕೊಡಬೇಕೇ ಎಂಬುದು ತಾನಾಗಿ ತೀರ್ಮಾನವಾಗುವುದಿಲ್ಲ, ಮೊದಲೇ ಬರೆಸಿಕೊಳ್ಳಬೇಕು. ಮುದ್ರಿತ ಚಿತ್ರದ ಜತೆಗೆ ಪೂರ್ಣ ಅಳತೆಯ ಕಡತವನ್ನೂ ಪಡೆಯುವುದು ಜಾಣತನ. ಹೇಳಿದ ಕಾಗದ ಬಳಸದೆ ಬೇರೆಯದನ್ನು ಬಳಸಿದ್ದರೆ ಅಥವಾ ಅಲ್ಪಕಾಲದಲ್ಲಿ ಚಿತ್ರ ಮಾಸಿದರೆ, ಗ್ರಾಹಕರ ರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಆನ್‌ಲೈನ್ ದೂರಿಗೆ 2025ರ ಜನವರಿಯಿಂದ ಇ–ಜಾಗೃತಿ ಜಾಲತಾಣವಿದೆ, ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1915. ರಸೀದಿ ಇಲ್ಲದವರಿಗೆ ಈ ದಾರಿಯೂ ದುರ್ಗಮ.

ಹಳೆಯ ಚಿತ್ರ ಕೈಗೆತ್ತಿಕೊಂಡಾಗ

ಅಜ್ಜಂದಿರ ಕಾಲದ ಒಂದೇ ಪ್ರತಿಯನ್ನು ಹಿಗ್ಗಿಸಲು ಕೊಡುವವರು ಕೆಲವು ಅಂಶಗಳನ್ನು ಗಮನಿಸಬೇಕು. ಮೊಬೈಲ್‌ನಿಂದ ಗಾಜಿನ ಮೇಲೆಯೇ ಮರುಚಿತ್ರ ತೆಗೆದರೆ ಪ್ರತಿಫಲನ ಬರುತ್ತದೆ, ಅಂಚು ಬಾಗುತ್ತದೆ. ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ ಕನಿಷ್ಠ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಸಾಧ್ಯವಿದ್ದರೆ ಟಿಫ್ ಕಡತವಾಗಿ ಉಳಿಸಬೇಕು. 4×6 ಇಂಚಿನ ಚಿತ್ರದಿಂದ ಆಗ 2400×3600 ಪಿಕ್ಸೆಲ್ ಸಿಗುತ್ತದೆ, 12×18 ಇಂಚಿಗೆ ಹಿಗ್ಗಿಸಿದರೂ ಇಂಚಿಗೆ 200 ಉಳಿಯುತ್ತದೆ. ಕಪ್ಪು–ಬಿಳುಪು ಚಿತ್ರವಾದರೂ ಬಣ್ಣದ ಸ್ಕ್ಯಾನ್ ಮಾಡಿಸುವುದೇ ಒಳ್ಳೆಯದು, ಹಳದಿ ಕಲೆಗಳನ್ನು ಬೇರ್ಪಡಿಸಿ ತೆಗೆಯಲು ಅದು ನೆರವಾಗುತ್ತದೆ. ನೆಗೆಟಿವ್ ಸಿಕ್ಕರೆ ಚಿತ್ರಕ್ಕಿಂತ ಅದೇ ಮೇಲು.

ಹಿಂಬದಿಯಲ್ಲಿ ಸ್ಟುಡಿಯೊದ ಮುದ್ರೆ, ತಾರೀಖು, ಕೈಬರಹ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿಸಬೇಕು. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಯಾರು ಹೇಳಿದರೂ ಬಿಡಿಸಲು ಹೋಗದೆ, ಗಾಜಿನ ಸಮೇತವೇ ಸ್ಕ್ಯಾನರಿನ ಮೇಲಿಡಿಸಬೇಕು. ಗಾಜು ಒಡೆದಿದ್ದರೆ ಚೂರುಗಳನ್ನು ಅಲ್ಲಾಡಿಸದೆ ಟೇಪಿನಿಂದ ಹಿಡಿಸಿ, ಚಪ್ಪಟೆಯಾಗಿ ಇಟ್ಟು ಒಯ್ಯಬೇಕು. ಮೂಲ ಪ್ರತಿಯನ್ನು ಅಂಗಡಿಯಲ್ಲಿ ಬಿಟ್ಟು ಬರುವ ಬದಲು ಸ್ಕ್ಯಾನ್ ಮುಗಿಯುವವರೆಗೆ ಕಾದಿದ್ದು ಜತೆಯಲ್ಲೇ ತರುವುದು ಉತ್ತಮ.